ಅಂಗಳದ ಸಿಮೆಂಟಿಗೆ ಹಿಡಿದ ಎಲೆ, ಹಣ್ಣು, ಚೊಗರಿನ ಕಲೆ ತೆಗೆಯುವ ಕ್ರಮ: ಸಮಗ್ರ ಮಾರ್ಗದರ್ಶಿ

ನೇರಳೆ ಮರದಡಿ ಕಾರು ನಿಲ್ಲಿಸುವ ಜಾಗ, ಬಾದಾಮಿ ಮರದ ಎಲೆ ಬಿದ್ದು ಕೊಳೆತ ಮೆಟ್ಟಿಲು, ಅಡಿಕೆ ಚೊಗರು (ಅಡಿಕೆ ಬೇಯಿಸಿದ ಒಗರು ರಸ) ಚೆಲ್ಲಿದ ಅಂಗಳ. ಇಂಥ ಕಲೆಯ ಬಗ್ಗೆ ಕೇಳುವವರು ಹೇಳುವುದು ಹೆಚ್ಚುಕಡಿಮೆ ಒಂದೇ ಕಥೆ: "ಉಜ್ಜಿ ಉಜ್ಜಿ ಸಾಕಾಯ್ತು, ಕೊನೆಗೆ ಆಸಿಡ್ ಹಾಕಿದೆ, ಆಗೇನೋ ಹೋಯ್ತು. ಮುಂದಿನ ವರ್ಷ ಮೊದಲಿಗಿಂತ ಜಾಸ್ತಿ ಆಯ್ತು."

ಇವರ ಕೈಯಲ್ಲಿ ಬಲ ಕಡಿಮೆಯೇನಿಲ್ಲ. ಕೆಲಸದ ಕ್ರಮ ತಪ್ಪಿರುತ್ತದೆ, ಅಷ್ಟೆ. ಟಾಯ್ಲೆಟ್ ತೊಳೆಯುವ ಆಸಿಡ್ ಕಲೆಯನ್ನು ತಿನ್ನುವುದಿಲ್ಲ. ಕಲೆ ಹಿಡಿದ ಸಿಮೆಂಟಿನ ಪದರವನ್ನೇ ತಿನ್ನುತ್ತದೆ. ಹಾಕಿದ ಕೂಡಲೇ ಬುಸ್ಸೆಂದು ನೊರೆ ಬರುತ್ತದಲ್ಲ, ಅದು ನಿಮ್ಮ ನೆಲ ಕರಗುತ್ತಿರುವ ಲಕ್ಷಣ. ಮೇಲಿನ ನುಣುಪು ಹೋಗಿ ಮರಳು ಏಳುತ್ತದೆ, ಸಣ್ಣ ಸಣ್ಣ ರಂಧ್ರ ಬಾಯಿ ಬಿಡುತ್ತವೆ. ಮುಂದಿನ ಸಲ ಬಿದ್ದ ರಸ ಇನ್ನೂ ಆಳಕ್ಕೆ ಇಳಿಯುತ್ತದೆ.

ಕೆಳಗಿನ ಹಂತಗಳನ್ನು ಹೇಳಿದ ಕ್ರಮದಲ್ಲೇ ಮಾಡಿ. ಎಲ್ಲ ಕಲೆಗೂ ಎಲ್ಲ ಹಂತ ಬೇಕಾಗುವುದಿಲ್ಲ. ಆದರೆ ಎರಡನೇ ಹಂತವನ್ನು ಮಾತ್ರ ಯಾರೂ ಬಿಡಬೇಡಿ.

## ಶುರು ಮಾಡುವ ಮುಂಚೆ: ಸಾಮಾನು

ನೈಲಾನ್ ಅಥವಾ ತೆಂಗಿನ ನಾರಿನ ಗಟ್ಟಿ ಬ್ರಷ್ ಬೇಕು. ಉದ್ದ ಹಿಡಿಕೆಯದ್ದಾದರೆ ಬೆನ್ನಿಗೆ ಒಳ್ಳೆಯದು. ಜೊತೆಗೆ ಕಡ್ಡಿ ಪೊರಕೆ, ನೀರಿನ ಪೈಪು, ಎರಡು ಪ್ಲಾಸ್ಟಿಕ್ ಬಕೆಟ್. ಒಂದು ಬಕೆಟ್ ಬ್ಲೀಚಿಗೆ ಮಾತ್ರ. ಅದಲುಬದಲಾಗದಂತೆ ಗುರುತು ಹಾಕಿ.

ಕಬ್ಬಿಣದ ತಂತಿಯ ಬ್ರಷ್ ಮತ್ತು ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ಹೊರಗಿಡಿ. ಅದರ ಚೂರು ಸಿಮೆಂಟಿನ ರಂಧ್ರದಲ್ಲಿ ಉಳಿದು ತುಕ್ಕು ಹಿಡಿಯುತ್ತದೆ. ಎಲೆಯ ಕಂದು ಕಲೆಗೆ ಕಬ್ಬಿಣ ಸೇರಿದರೆ ಅದು ಕಪ್ಪಾಗುತ್ತದೆ. ಹಿಂದೆ ಬರೆಯುವ ಮಸಿ ಮಾಡುತ್ತಿದ್ದದ್ದೂ ಒಗರಿನ ರಸಕ್ಕೆ ಕಬ್ಬಿಣದ ಉಪ್ಪು ಸೇರಿಸಿಯೇ. ಅಂಗಳದಲ್ಲಿ ಮಸಿ ತಯಾರಿಸುವುದು ಯಾರಿಗೆ ಬೇಕು?

ಔಷಧಗಳು ಹೀಗಿವೆ. ಪಾತ್ರೆ ತೊಳೆಯುವ ಲಿಕ್ವಿಡ್. ಬ್ಲೀಚಿಂಗ್ ಪೌಡರ್ ಅಥವಾ ಬಾಟಲಿಯಲ್ಲಿ ಬರುವ ಬ್ಲೀಚ್. ಲೇಪ ಮಾಡಲು ಅಗ್ಗದ ಟಾಲ್ಕಂ ಪೌಡರ್. ಆಕ್ಸಾಲಿಕ್ ಆಸಿಡ್ ಪುಡಿ, ಇದು ಮಾರ್ಬಲ್, ಮೊಸಾಯಿಕ್ ಪಾಲಿಶ್ ಮಾಡುವವರು ಬಳಸುವ ಬಿಳಿ ಪುಡಿ, ದೊಡ್ಡ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿ. ಗಿಡಗಳ ಪಕ್ಕದ ಕೆಲಸಕ್ಕೆ ಸೋಡಿಯಂ ಪರ್ಕಾರ್ಬೊನೇಟ್ ಪುಡಿ. ಇದನ್ನು ಆನ್‌ಲೈನಿನಲ್ಲಿ ತರಿಸಬಹುದು.

ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಪಕ್ಕವೂ ಮುಚ್ಚುವ ಕನ್ನಡಕ, ಕಾಲಿಗೆ ಗಂಬೂಟ್ ಕಡ್ಡಾಯ. ಹವಾಯಿ ಚಪ್ಪಲಿ ಹಾಕಿಕೊಂಡು ಬ್ಲೀಚ್ ಉಜ್ಜಿದರೆ ಹಿಮ್ಮಡಿ ಉರಿಯುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಬ್ಲೀಚ್ ಮತ್ತು ಯಾವುದೇ ಆಸಿಡ್ ಒಟ್ಟಿಗೆ ಸೇರಬಾರದು. ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಕಣ್ಣು, ಗಂಟಲು, ಶ್ವಾಸಕೋಶ ಸುಡುವ ವಿಷ. ಟಾಯ್ಲೆಟ್ ಕ್ಲೀನರ್, ನಿಂಬೆರಸ, ವಿನೆಗರ್, ಆಕ್ಸಾಲಿಕ್ ಎಲ್ಲವೂ ಈ ಲೆಕ್ಕದಲ್ಲಿ ಆಸಿಡ್ಡೇ. ಅಮೋನಿಯಾ ಇರುವ ಗಾಜು ಒರೆಸುವ ದ್ರವವೂ ಬ್ಲೀಚಿಗೆ ಸೇರಬಾರದು, ಅಲ್ಲೂ ವಿಷಾನಿಲ ಬರುತ್ತದೆ. ಬಯಲಲ್ಲಿ ತಾನೇ ಮಾಡುವುದು ಎಂದು ಸಡಿಲ ಬಿಡಬೇಡಿ. ಬಗ್ಗಿ ಉಜ್ಜುವಾಗ ಮುಖ ನೆಲದ ಹತ್ತಿರವೇ ಇರುತ್ತದೆ. ಈ ಅನಿಲ ಗಾಳಿಗಿಂತ ಭಾರ, ಅದೂ ಅಲ್ಲೇ ನಿಲ್ಲುತ್ತದೆ.

## ಹಂತ 1: ಕಣ್ಣಲ್ಲಿ ನೋಡಿ ಗುರುತಿಸಿ

ಎಲೆಯ ಆಕಾರದಲ್ಲೇ ಕಂದು ಅಚ್ಚು ಬಿದ್ದಿದ್ದರೆ ಅದು ಒಗರಿನ ಕಲೆ, ಅಂದರೆ ಟ್ಯಾನಿನ್. ಬಾದಾಮಿ, ಮಾವು, ತೇಗದ ಎಲೆಗಳು ನೆನೆದು ಬಿಡುವುದು ಇದನ್ನೇ. ತೇಗದ ಚಿಗುರಿನದು ಸ್ವಲ್ಪ ಕೆಂಪು.

ನೇರಳೆ ಹಣ್ಣಿನದು ಬೇರೆ. ಅದರ ಬಣ್ಣ ಹುಳಿಗೆ ಕೆಂಪಾಗುತ್ತದೆ, ಕ್ಷಾರಕ್ಕೆ ನೀಲಿಯಾಗುತ್ತದೆ. ಸಿಮೆಂಟು ಕ್ಷಾರ, ಹಾಗಾಗಿ ಬಿದ್ದಾಗ ನೇರಳೆಯಿದ್ದ ಕಲೆ ಆಮೇಲೆ ನೀಲಿ ಬೂದುಬಣ್ಣಕ್ಕೆ ತಿರುಗುತ್ತದೆ. ಕಾಂಪೌಂಡ್ ಗೋಡೆ ಉದ್ದಕ್ಕೂ ಚುಕ್ಕಿ ಚುಕ್ಕಿಯಾಗಿದ್ದರೆ ಅದು ಹಣ್ಣು ತಿಂದ ಹಕ್ಕಿಗಳ ಹಿಕ್ಕೆ. ಬಣ್ಣ ಅದೇ, ಚಿಕಿತ್ಸೆಯೂ ಅದೇ.

ಬಾಳೆ ಸೊನೆ ಬಿದ್ದಾಗ ನೀರಿನಂತಿರುತ್ತದೆ. ಗಾಳಿ ತಾಗಿ ಗಂಟೆಗಳಲ್ಲಿ ಕಂದು, ಆಮೇಲೆ ಕಪ್ಪು. ಗೊನೆ ಕಡಿದು ಅಂಗಳದಲ್ಲಿ ಇಟ್ಟ ಜಾಗ ಮರುದಿನ ಬೆಳಗ್ಗೆ ಗೊತ್ತಾಗುವುದು ಇದಕ್ಕೇ.

ಹಸಿರು, ಕಪ್ಪು ಪೊರೆಯಂತೆ ಹರಡಿ ಒದ್ದೆಯಾದಾಗ ಜಾರಿದರೆ ಅದು ಪಾಚಿ, ಮಲೆನಾಡಿನವರ ಹಾವಸೆ. ಬೂದು ಅಥವಾ ತಿಳಿಹಸಿರು ದುಂಡು ಚಕ್ಕೆಗಳಂತೆ ಅಂಟಿದ್ದರೆ ಕಲ್ಲುಹೂವು. ಇವೆರಡೂ ಕಲೆಯಲ್ಲ, ಜೀವ ಇರುವಂಥವು. ಮೊದಲು ಸಾಯಿಸಬೇಕು, ಆಮೇಲೆ ಉಜ್ಜಬೇಕು.

ಗ್ರಿಲ್ ಕಾಲಿನ ಸುತ್ತ, ಹೂಕುಂಡದ ಕಬ್ಬಿಣದ ಸ್ಟ್ಯಾಂಡಿನ ಕೆಳಗೆ, ಹಳೇ ಡ್ರಮ್ಮು ಇಟ್ಟ ಜಾಗದಲ್ಲಿ ನೀಲಿಗಪ್ಪು ಕಲೆ ಕಂಡರೆ ಅನುಮಾನ ಕಬ್ಬಿಣದ ಮೇಲೆ. ಇಂಥ ಕಲೆಯ ಮೇಲೆ ಎಷ್ಟು ಬ್ಲೀಚ್ ಸುರಿದರೂ ವ್ಯರ್ಥ.

## ಹಂತ 2: ಎರಡು ಹನಿ ಪರೀಕ್ಷೆ

ಕಣ್ಣು ಮೋಸ ಹೋಗಬಹುದು. ಹಳೆಯ ಕಲೆಗಳೆಲ್ಲ ಕೊನೆಗೆ ಒಂದೇ ಥರ ಕಪ್ಪುಗಂದು ಕಾಣುತ್ತವೆ. ಬಕೆಟ್ಟುಗಟ್ಟಲೆ ಔಷಧ ಕಲಸುವ ಮುಂಚೆ ಎರಡೇ ಹನಿ ಸಾಕು, ಉತ್ತರ ಸಿಗುತ್ತದೆ.

ಕಲೆಯ ಜಾಗವನ್ನು ಗುಡಿಸಿ, ನೀರು ಚಿಮುಕಿಸಿ. ಒಂದು ಮೂಲೆಯಲ್ಲಿ ಬಾಟಲಿ ಬ್ಲೀಚಿನ ಒಂದು ಹನಿ ಬಿಡಿ. ಅಲ್ಲಿಂದ ಎರಡು ಅಡಿ ದೂರದಲ್ಲಿ, ಅದೇ ಕಲೆಯ ಮೇಲೆ, ಆಕ್ಸಾಲಿಕ್ ದ್ರಾವಣದ ಒಂದು ಹನಿ. ಒಂದು ಚಿಟಿಕೆ ಪುಡಿಯನ್ನು ಒಂದು ಚಮಚ ಬಿಸಿನೀರಲ್ಲಿ ಕರಗಿಸಿದರೆ ಆ ದ್ರಾವಣ ಸಿದ್ಧ. ಆ ಚಮಚ ಮತ್ತೆ ಅಡುಗೆಮನೆಗೆ ಹೋಗಬಾರದು. ಎರಡು ಹನಿ ಒಂದೇ ಜಾಗಕ್ಕೆ ಬೀಳಬಾರದು, ಹರಿದು ಸೇರಲೂಬಾರದು. ಹತ್ತು ನಿಮಿಷ ಬಿಟ್ಟು ನೋಡಿ.

ಬ್ಲೀಚ್ ಬಿದ್ದಲ್ಲಿ ಮಾಸಿದರೆ, ಕಲೆ ಗಿಡದ ಬಣ್ಣ, ಒಗರು ಅಥವಾ ಪಾಚಿ. ನಿಮ್ಮ ದಾರಿ ಹಂತ 3ರಿಂದ 6.

ಆಕ್ಸಾಲಿಕ್ ಬಿದ್ದಲ್ಲಿ ಮಾತ್ರ ಮಾಸಿದರೆ ಕಬ್ಬಿಣ ಸೇರಿದೆ. ಹಂತ 3, 4 ಮುಗಿಸಿ ನೇರ 7ಕ್ಕೆ ಹೋಗಿ.

ಎರಡೂ ಕಡೆ ಅರ್ಧರ್ಧ ಮಾಸಿದರೆ ಎರಡೂ ಇದೆ. ಮೊದಲು ಬ್ಲೀಚ್, ಚೆನ್ನಾಗಿ ತೊಳೆದು ಒಂದು ದಿನ ಪೂರ್ತಿ ಒಣಗಿಸಿ, ಆಮೇಲೆ ಆಕ್ಸಾಲಿಕ್. ಈ ಒಂದು ದಿನದ ಅಂತರ ಕ್ಲೋರಿನ್ ಏಳದಿರಲಿ ಎಂದು.

ಎರಡಕ್ಕೂ ಜಗ್ಗದಿದ್ದರೆ ಅದು ಗಿಡದ ಕಲೆಯೇ ಅಲ್ಲ. ಎಂಜಿನ್ ಆಯಿಲ್, ಟೈರು, ಇಲ್ಲವೇ ಸಿಮೆಂಟಿನದೇ ಬಣ್ಣ ಇರಬಹುದು. ಈ ಮಾರ್ಗದರ್ಶಿ ಅದಕ್ಕೆ ಆಗುವುದಿಲ್ಲ.

ಇನ್ನೊಂದು ಫಲಿತಾಂಶವೂ ಬರುತ್ತದೆ, ಅದನ್ನು ಬಹಳ ಜನ ತಪ್ಪು ಓದುತ್ತಾರೆ. ಹನಿ ಬಿದ್ದ ಜಾಗ ಕಲೆಯಿಲ್ಲದ ಅಕ್ಕಪಕ್ಕದ ನೆಲಕ್ಕಿಂತಲೂ ಬಿಳಿ ಕಾಣುತ್ತದೆ. ನಿಮ್ಮ ಇಡೀ ಅಂಗಳಕ್ಕೆ ಕೊಳೆ ಹಿಡಿದಿದೆ ಎಂದು ಇದರ ಅರ್ಥ. ಕಲೆ ಇರುವಷ್ಟೇ ಜಾಗ ತೊಳೆದರೆ ಅಲ್ಲೊಂದು ಬಿಳಿ ತೇಪೆ ಉಳಿಯುತ್ತದೆ, ಅದು ಕಲೆಗಿಂತ ಜಾಸ್ತಿ ಕಣ್ಣಿಗೆ ಹೊಡೆಯುತ್ತದೆ. ಆಗ ಒಂದು ಗೆರೆಯಿಂದ ಇನ್ನೊಂದು ಗೆರೆಯವರೆಗೆ, ಇಡೀ ಚೌಕ ತೊಳೆಯಿರಿ.

ಬಣ್ಣ ಹಾಕಿದ ಪಾರ್ಕಿಂಗ್ ಟೈಲ್ಸ್, ರೆಡ್ ಆಕ್ಸೈಡ್ ಮೆಟ್ಟಿಲು, ಕಡಪ ಅಥವಾ ಶಹಾಬಾದ್ ಕಲ್ಲು ಇದ್ದರೆ ಮೂಲೆಯಲ್ಲಿ ಈ ಪರೀಕ್ಷೆ ಮಾಡದೆ ಮುಂದೆ ಹೋಗಲೇಬೇಡಿ. ಶಹಾಬಾದ್, ಕಡಪ ಎರಡೂ ಸುಣ್ಣದ ಕಲ್ಲು. ಆಸಿಡ್ ತಾಗಿದರೆ ಹೊಳಪು ಹೋಗಿ ಬಿಳಿಚಿಕೊಳ್ಳುತ್ತವೆ.

## ಹಂತ 3: ಒಣ ಕೆಲಸ ಮತ್ತು ಸುತ್ತಲಿನ ರಕ್ಷಣೆ

ಎಲೆ, ಹಣ್ಣಿನ ಸಿಪ್ಪೆ, ಬೀಜ, ಮಣ್ಣು ಎಲ್ಲವನ್ನೂ ಒಣಗಿದ್ದಾಗಲೇ ಗುಡಿಸಿ. ಬ್ಲೀಚಿಗೆ ಕಲೆ ಯಾವುದು, ಕಸ ಯಾವುದು ಗೊತ್ತಾಗುವುದಿಲ್ಲ. ಕಸ ಇದ್ದರೆ ಅದರ ಶಕ್ತಿ ಅಲ್ಲೇ ಮುಗಿಯುತ್ತದೆ.

ಹತ್ತಿರದ ಗಿಡಗಳಿಗೆ ಮೊದಲೇ ಚೆನ್ನಾಗಿ ನೀರು ಹಾಕಿ. ಎಲೆಯೂ ಬುಡವೂ ನೆನೆದಿದ್ದರೆ ಸಿಡಿದ ಬ್ಲೀಚ್ ತೆಳುವಾಗುತ್ತದೆ. ತುಳಸಿಕಟ್ಟೆ ಹತ್ತಿರ ಇದ್ದರೆ ಪ್ಲಾಸ್ಟಿಕ್ ಹಾಳೆ ಹೊದಿಸಿ.

ನೀರು ಎಲ್ಲಿಗೆ ಹರಿಯುತ್ತದೆ ನೋಡಿ. ಮಳೆನೀರು ಕೊಯ್ಲಿನ ಪೈಪು ಅಂಗಳದಿಂದ ಸಂಪಿಗೋ ಇಂಗುಗುಂಡಿಗೋ ಹೋಗಿದ್ದರೆ ಮೊದಲು ಅದನ್ನು ಮುಚ್ಚಿ. ಬಾವಿ, ಮೀನಿನ ತೊಟ್ಟಿ, ದನ ನೀರು ಕುಡಿಯುವ ಕಡೆ ಹರಿಯಬಾರದು. ನಾಯಿ ಬೆಕ್ಕುಗಳನ್ನು ಒಳಗೆ ಕಟ್ಟಿ ಅಥವಾ ಕೂಡಿ ಹಾಕಿ. ಒದ್ದೆ ಪಾದ ನೆಕ್ಕುವುದು ಅವುಗಳ ಅಭ್ಯಾಸ.

ಹೊಸದಾಗಿ ಹಾಕಿದ ಕಾಂಕ್ರೀಟಾದರೆ 28 ದಿನ ತುಂಬುವವರೆಗೆ ಬರೀ ನೀರು ಮಾತ್ರ.

## ಹಂತ 4: ನೀರು ಕುಡಿಸಿ, ಸೋಪಿನಲ್ಲಿ ಉಜ್ಜಿ

ಯಾವ ಔಷಧಕ್ಕೂ ಮುಂಚೆ ಸಿಮೆಂಟಿಗೆ ನೀರು ಕುಡಿಸಬೇಕು. ಒಣ ಸಿಮೆಂಟು ಹಾಕಿದ್ದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ, ಕರಗಿದ ಕಲೆಯನ್ನೂ ಸೇರಿಸಿ. ನೆನೆದಿದ್ದರೆ ಔಷಧ ಮೇಲೆಯೇ ನಿಂತು ಕೆಲಸ ಮಾಡುತ್ತದೆ. ಹತ್ತು ನಿಮಿಷ ನೀರು ಬಿಡಿ, ನಿಂತ ನೀರನ್ನು ಪೊರಕೆಯಿಂದ ದೂಡಿ. ನೆಲ ಒದ್ದೆ ಇರಬೇಕು, ಕೊಚ್ಚೆ ಆಗಿರಬಾರದು.

ಬಕೆಟ್ ಬೆಚ್ಚಗಿನ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಜ್ಜಿ, ತೊಳೆಯಿರಿ. ಹೊಸ ಕಲೆಯಾದರೆ ಕೆಲವೊಮ್ಮೆ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಇಲ್ಲಿ ಆಗುವ ತಪ್ಪು ಎಂದರೆ ವಾಷಿಂಗ್ ಸೋಡಾ, ಬೂದಿ, ಸುಣ್ಣದ ನೀರು ಹಾಕುವುದು. ಇವೆಲ್ಲ ಕ್ಷಾರ. ಒಗರಿನ ಕಲೆ ಕ್ಷಾರಕ್ಕೆ ಇನ್ನಷ್ಟು ಕಂದಾಗುತ್ತದೆ. ಉಜ್ಜಿದಷ್ಟೂ ಗಾಢವಾಗುತ್ತಿದೆ ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, "ಏನು ಹಾಕಿ ಉಜ್ಜಿದ್ರಿ?" ಎಂದು. ಎಣ್ಣೆ ಜಿಡ್ಡಿಗೆ ಸೋಡಾ ಒಳ್ಳೆಯದು, ಎಲೆ ಕಲೆಗೆ ಬೇಡ.

ಪ್ರೆಷರ್ ವಾಷರ್ ಇರುವವರು 25 ಅಥವಾ 40 ಡಿಗ್ರಿ ಬೀಸಣಿಗೆ ನಾಜಲ್ ಹಾಕಿ, ನೆಲದಿಂದ ಒಂದು ಅಡಿ ಎತ್ತರದಲ್ಲಿ ಹಿಡಿಯಿರಿ. ಸೂಜಿಯಂತೆ ನೀರು ಬರುವ ನಾಜಲ್ ಸಿಮೆಂಟಿನ ಮೇಲೆ ಗೀರು ಹಾಕುತ್ತದೆ. ಆ ಗೀರು ಮತ್ತೆ ಹೋಗುವುದಿಲ್ಲ. ಒತ್ತಡದ ನೀರು ಪಾಚಿ, ಮಣ್ಣು ತೆಗೆಯುತ್ತದೆ. ರಂಧ್ರದೊಳಗೆ ಇಳಿದ ಬಣ್ಣಕ್ಕೆ ಅದರಿಂದ ಏನೂ ಆಗುವುದಿಲ್ಲ.

## ಹಂತ 5: ಬ್ಲೀಚ್

ಬೆಳಗ್ಗೆ ಬೇಗ, ಅಥವಾ ಬಿಸಿಲು ಇಳಿದ ಮೇಲೆ ಮಾಡಿ. ಮಟಮಟ ಮಧ್ಯಾಹ್ನ ಹಾಕಿದರೆ ಕೆಲಸ ಮಾಡುವ ಮುಂಚೆಯೇ ಒಣಗುತ್ತದೆ.

ಬ್ಲೀಚಿಂಗ್ ಪೌಡರ್ ಆದರೆ: ಲೀಟರ್ ನೀರಿಗೆ 60 ಗ್ರಾಂ. ನೀರಿಗೆ ಪುಡಿ ಹಾಕಿ, ಪುಡಿಗೆ ನೀರು ಹಾಕಬೇಡಿ. ಕೋಲಿನಿಂದ ಕಲಸಿ, ಅರ್ಧ ಗಂಟೆ ಬಿಡಿ. ಅಡಿಯಲ್ಲಿ ಸುಣ್ಣದಂಥ ಗಸಿ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಳ್ಳಿ. ಈ ಗಸಿ ನೆಲಕ್ಕೆ ಬಿದ್ದರೆ ಒಣಗಿದ ಮೇಲೆ ಬಿಳಿ ಬಿಳಿ ಕಾಣುತ್ತದೆ. ಪುಡಿಯನ್ನು ಹಾಗೇ ನೆಲಕ್ಕೆ ಎರಚುವವರ ಅಂಗಳ ಸುಣ್ಣ ಚೆಲ್ಲಿದಂತೆ ಕಾಣುವುದು ಇದರಿಂದಲೇ.

ಬಾಟಲಿ ಬ್ಲೀಚ್ ಆದರೆ: ಸಮ ಪ್ರಮಾಣದ ನೀರು ಸೇರಿಸಿ.

ನೆನೆದ ನೆಲದ ಮೇಲೆ ಹರಡಿ, 15 ನಿಮಿಷ ಬಿಡಿ. ಒಣಗಲು ಬಿಡಬೇಡಿ, ಆಗಾಗ ಸ್ವಲ್ಪ ಚಿಮುಕಿಸುತ್ತಿರಿ. ಬ್ರಷ್‌ನಿಂದ ಉಜ್ಜಿ, ಧಾರಾಳ ನೀರಲ್ಲಿ ತೊಳೆಯಿರಿ. ಬೇಕಾದರೆ ಇನ್ನೊಂದು ಸುತ್ತು. ಪ್ರಮಾಣ ಜಾಸ್ತಿ ಮಾಡುವುದಕ್ಕಿಂತ ಸುತ್ತು ಜಾಸ್ತಿ ಮಾಡುವುದು ಮೇಲು.

ಏನೂ ಬದಲಾವಣೆ ಕಾಣದಿದ್ದರೆ ಪುಡಿಯ ಮೇಲೆ ಅನುಮಾನಪಡಿ. ಹೊಸ ಪುಡಿಯಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಕ್ಲೋರಿನ್ ಇರುತ್ತದೆ. ತೇವ ತಾಗಿದರೆ ಅದು ಹಾರಿಹೋಗುತ್ತದೆ. ಅಂಗಡಿಯಲ್ಲಿ ಬಾಯಿ ಬಿಚ್ಚಿದ ಚೀಲದಿಂದ ತೂಗಿ ಕೊಟ್ಟದ್ದು, ಗಂಟು ಕಟ್ಟಿದ್ದು, ಘಾಟು ಕಡಿಮೆ ಇರುವುದು ಬೇಡ. ಬಾಟಲಿ ಬ್ಲೀಚೂ ಹಾಗೇ, ಬಿಸಿಲಲ್ಲಿ ಇಟ್ಟಿದ್ದರೆ ಬರೀ ಉಪ್ಪುನೀರಾಗುತ್ತದೆ.

ಗಿಡಗಳ ಮಧ್ಯದ ಕಾಲುದಾರಿ, ಹುಲ್ಲಿನ ಅಂಚು ಇರುವಲ್ಲಿ ಪರ್ಕಾರ್ಬೊನೇಟ್ ಬಳಸಿ. ಲೀಟರ್ ಬೆಚ್ಚಗಿನ ನೀರಿಗೆ 60 ಗ್ರಾಂ. ಸಣ್ಣ ನೊರೆ ಬರುತ್ತದೆ, ಅದು ಆಮ್ಲಜನಕ. ಇದು ನಿಧಾನ, ಅರ್ಧ ಗಂಟೆಯಾದರೂ ಒದ್ದೆಯಾಗಿ ಇಡಬೇಕು. ಇದೂ ಕ್ಷಾರವೇ, ಆದರೆ ಬಣ್ಣ ಒಡೆಯುವ ಶಕ್ತಿ ಜೊತೆಗೇ ಇರುವುದರಿಂದ ಒಗರಿನ ಕಲೆಗೂ ಆಗುತ್ತದೆ. ಕಲಸಿದ್ದನ್ನು ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಬೇಡಿ, ಒತ್ತಡಕ್ಕೆ ಸಿಡಿಯುತ್ತದೆ.

## ಹಂತ 6: ಆಳಕ್ಕೆ ಇಳಿದದ್ದಕ್ಕೆ ಲೇಪ

ಬ್ಲೀಚ್ ಹಾಕಿದಾಗ ಹೋದಂತೆ ಕಂಡು, ಒಣಗಿದ ಮೇಲೆ ಮತ್ತೆ ಮೂಡಿದರೆ ಕಲೆ ಆಳದಲ್ಲಿದೆ. ಒಳಗಿನ ತೇವ ಆವಿಯಾಗುತ್ತಾ ಬಣ್ಣವನ್ನು ಮೇಲಕ್ಕೆ ತರುತ್ತಿದೆ. ಇಲ್ಲಿ ಜನ ಸೋತು ಆಸಿಡ್ ಕಡೆ ಕೈ ಚಾಚುತ್ತಾರೆ. ಅದರ ಬದಲು, ಮೇಲಕ್ಕೆ ಬರುವ ಆ ಗುಣವನ್ನೇ ಉಪಯೋಗಿಸಿಕೊಳ್ಳಬಹುದು.

ಬ್ಲೀಚ್ ತಿಳಿಗೆ ಟಾಲ್ಕಂ ಪೌಡರ್ ಸೇರಿಸಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ಒದ್ದೆ ನೆಲದ ಮೇಲೆ ಅರ್ಧ ಬೆರಳು ದಪ್ಪ ಬಳಿಯಿರಿ. ಕಲೆಯ ಅಂಚಿಗಿಂತ ಎರಡು ಬೆರಳು ಹೊರಗೂ ಬರಲಿ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚಿಗೆ ಕಲ್ಲು ಹೇರಿ. ಒಂದು ರಾತ್ರಿ ಬಿಡಿ. ಬೆಳಗ್ಗೆ ಹಾಳೆ ತೆಗೆದು ಲೇಪ ತಾನಾಗಿ ಒಣಗಲು ಬಿಡಿ. ಈ ಒಣಗುವಾಗಲೇ ಅದು ಕಲೆಯನ್ನು ಮೇಲೆ ಎಳೆದುಕೊಳ್ಳುವುದು. ಒದ್ದೆ ಇರುವಾಗಲೇ ತೊಳೆದರೆ ಇಡೀ ಶ್ರಮ ನೀರುಪಾಲು. ಒಣಗಿ ಬಿರುಕು ಬಿಟ್ಟ ಮೇಲೆ ಪ್ಲಾಸ್ಟಿಕ್ ಅಥವಾ ಮರದ ಪಟ್ಟಿಯಿಂದ ಕೆರೆದು, ಆಮೇಲೆ ತೊಳೆಯಿರಿ.

ಲೇಪಕ್ಕೆ ಮರದ ಹೊಟ್ಟು ಬೇಡ. ಬ್ಲೀಚಿಂಗ್ ಪೌಡರ್ ಜೊತೆ ಹೊಟ್ಟು, ಎಣ್ಣೆ, ಸೀಮೆಎಣ್ಣೆ ಸೇರಿದರೆ ಬಿಸಿಯಾಗಿ ಬೆಂಕಿ ಹತ್ತಬಹುದು.

## ಹಂತ 7: ನೀಲಿಗಪ್ಪು ಕಲೆಗೆ ಆಕ್ಸಾಲಿಕ್

ಹಿಂದೆ ಬ್ಲೀಚ್ ಹಾಕಿದ್ದರೆ, ಚೆನ್ನಾಗಿ ತೊಳೆದು ಒಂದು ದಿನ ಕಳೆದಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಬ್ಲೀಚಿನ ವಾಸನೆ ಸ್ವಲ್ಪವಾದರೂ ಬರುತ್ತಿದ್ದರೆ ಇನ್ನೂ ಕಾಯಿರಿ. ಬಕೆಟ್ ಕೂಡ ಬೇರೆಯದೇ ಇರಲಿ.

ಲೀಟರ್ ಬಿಸಿನೀರಿಗೆ 100 ಗ್ರಾಂ ಪುಡಿ. ಪುಡಿ ಹಾರದಂತೆ ನಿಧಾನ ಸುರಿಯಿರಿ, ಮೂಗಿಗೆ ಮಾಸ್ಕ್ ಇರಲಿ. ಹೊಟ್ಟೆಗೆ ಹೋದರೆ ಇದು ವಿಷ. ನೋಡಲು ಸಕ್ಕರೆಯಂತೆಯೇ ಇರುತ್ತದೆ, ಹಾಗಾಗಿ ಉಳಿದದ್ದನ್ನು ಹಾರ್ಲಿಕ್ಸ್ ಬಾಟಲಿಗೆ ತುಂಬಿ ಇಡುವ ನಮ್ಮ ಅಭ್ಯಾಸವನ್ನು ಇಲ್ಲಿ ಮಾತ್ರ ಬಿಡಿ. ತಂದ ಪ್ಯಾಕೆಟ್ಟಿನಲ್ಲೇ ಕಟ್ಟಿ, ಹೆಸರು ಬರೆದು, ಮಕ್ಕಳಿಗೆ ಸಿಗದ ಕಡೆ ಇಡಿ.

ನೆಲ ನೆನೆಸಿ, ಕಲೆಯ ಮೇಲೆ ಮಾತ್ರ ಬ್ರಷ್‌ನಿಂದ ಹಚ್ಚಿ. ಹತ್ತು ನಿಮಿಷ. ಕಪ್ಪು ಹಳದಿಯಾಗಿ ತೇಲಿದರೆ ಕಬ್ಬಿಣ ಬಿಡುತ್ತಿದೆ ಎಂದರ್ಥ. ಮೆತ್ತಗೆ ಉಜ್ಜಿ, ಧಾರಾಳವಾಗಿ ತೊಳೆಯಿರಿ. ಒಣಗಿದ ಮೇಲೆ ತೆಳು ಬಿಳಿ ಪುಡಿ ಕಂಡರೆ ಅದು ಸಿಮೆಂಟಿನ ಸುಣ್ಣದ ಜೊತೆ ಸೇರಿ ಆದ ಉಪ್ಪು. ಒದ್ದೆ ಬ್ರಷ್‌ನಿಂದ ಉಜ್ಜಿದರೆ ಹೋಗುತ್ತದೆ.

ಇದೂ ಆಸಿಡ್ ತಾನೆ, ಟಾಯ್ಲೆಟ್ ಆಸಿಡ್ ಯಾಕೆ ಬೇಡ ಎಂದು ಕೇಳಬಹುದು. ಆಕ್ಸಾಲಿಕ್ ಕಬ್ಬಿಣವನ್ನು ಹಿಡಿದು ಕರಗಿಸಿ ಹೊರಗೆ ತರುತ್ತದೆ. ಸಿಮೆಂಟಿನ ಮೇಲೆ ಅದರ ದಾಳಿ ಬಹಳ ಕಡಿಮೆ. ಆದರೂ ಎರಡು ಸುತ್ತಿನ ಮೇಲೆ ಬೇಡ. ಇದನ್ನು ಲೇಪವಾಗಿ ಹಾಕುವುದಾದರೆ ಟಾಲ್ಕಂ ಪೌಡರ್ ಮಾತ್ರ ಬಳಸಿ. ಚಾಕ್ ಪುಡಿ, ಸುಣ್ಣ ಸೇರಿಸಿದರೆ ಆಸಿಡ್ ಅವುಗಳ ಜೊತೆಗೇ ಖರ್ಚಾಗುತ್ತದೆ.

## ಹಂತ 8: ತೊಳೆಯುವುದು, ಒಣಗಿಸುವುದು, ಆಮೇಲೆ ನೋಡುವುದು

ಒದ್ದೆ ಸಿಮೆಂಟು ನೋಡಿ ತೀರ್ಮಾನ ಮಾಡಬೇಡಿ. ಒದ್ದೆಯಲ್ಲಿ ಎಲ್ಲವೂ ಕಪ್ಪಗೆ ಕಾಣುತ್ತದೆ. ಎರಡು ದಿನ ಬಿಸಿಲು ಕಾಣಲಿ. ಉಳಿದ ತೆಳು ಬಣ್ಣ, ಅದರಲ್ಲೂ ನೇರಳೆಯದು, ಬಿಸಿಲಿಗೇ ಮಾಸುತ್ತದೆ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದು ಒಳ್ಳೆಯದು, ಒಣಗುವ ಹಂತವೇ ಸಿಗುವುದಿಲ್ಲ.

ಗಿಡಗಳಿಗೆ ಮತ್ತೊಮ್ಮೆ ನೀರು ಹಾಕಿ, ಹೊದಿಸಿದ ಹಾಳೆ ತೆಗೆಯಿರಿ. ಮುಚ್ಚಿದ ಮಳೆನೀರಿನ ಪೈಪನ್ನು ಒಂದು ಸಲ ಅಂಗಳ ಪೂರ್ತಿ ತೊಳೆದ ಮೇಲೆ ಬಿಡಿಸಿ.

## ಬೇರೆ ದಾರಿ ಬೇಕಾದ ಕಲೆಗಳು

ಅಡಿಕೆ ಚೊಗರು. ಇದು ಒಗರಿನ ಗಟ್ಟಿ ರಸ. ಬಟ್ಟೆಗೆ ಬಣ್ಣ ಹಾಕಲು ಬಳಸುವಂಥದ್ದು, ಸಿಮೆಂಟನ್ನು ಬಿಡುತ್ತದೆಯೇ? ಅದೂ ಬಿಸಿ ಬಿಸಿ ಚೆಲ್ಲಿದ್ದರೆ ತುಂಬಾ ಒಳಗೆ ಹೋಗಿರುತ್ತದೆ. ಚೆಲ್ಲಿದ ದಿನವೇ ನೀರು ಸುರಿದು, ಹಳೇ ಬಟ್ಟೆಯಿಂದ ಹೀರಿಸಿ, ಮತ್ತೆ ನೀರು ಸುರಿಯುವುದು ಮುಖ್ಯ. ಹಳೆಯದಕ್ಕೆ ಬ್ಲೀಚ್ ಸುರಿಯುತ್ತಾ ಕೂರಬೇಡಿ. ಒಂದು ಸುತ್ತು ಹಂತ 5 ಮುಗಿಸಿ ನೇರ ಲೇಪಕ್ಕೆ ಹೋಗಿ. ಲೇಪ ಎರಡು ಮೂರು ಸಲ ಬೇಕಾದೀತು, ಪ್ರತಿ ಸಲ ಒಂದಿಷ್ಟು ತಿಳಿಯಾಗುತ್ತದೆ. ಒಲೆಯ ಹತ್ತಿರ, ಕಬ್ಬಿಣದ ಸಾಮಾನು ಇಟ್ಟ ಕಡೆ ಕಪ್ಪಾಗಿದ್ದರೆ ಕೊನೆಗೆ ಹಂತ 7. ಅಡಿಕೆ ಹರವುವ ಅಂಗಳವಾದ್ದರಿಂದ ಸುಗ್ಗಿ ಶುರುವಾಗುವ ಮುಂಚೆಯೇ ಈ ಕೆಲಸ ಮುಗಿದು, ನೆಲ ಹಲವು ಸಲ ತೊಳೆದಿರಬೇಕು. ನನ್ನ ಅಭಿಪ್ರಾಯ ಕೇಳಿದರೆ, ಅಡಿಕೆ ಅಂಗಳದ ಚೊಗರು ಕಲೆಯನ್ನು ಪೂರ್ತಿ ತೆಗೆಯುವ ಹಟ ಬೇಡ. ಮನೆ ಮುಂದಿನ ಭಾಗಕ್ಕೆ ಮಾತ್ರ ಶ್ರಮ ಹಾಕಿ.

ಎಲೆಅಡಿಕೆ ಉಗುಳು. ಕಾಂಪೌಂಡ್ ಮೂಲೆಯ ಈ ಕೆಂಪು ಕೂಡ ಅಡಿಕೆಯದೇ. ಹಂತ 4, 5 ಸಾಕು. ಉಗುಳುವವರಿಗೆ ಮದ್ದು ಈ ಲೇಖನದಲ್ಲಿಲ್ಲ.

ಹಲಸಿನ ಮೇಣ. ಕೈಗೆ, ಚಾಕುವಿಗೆ ಕೊಬ್ಬರಿ ಎಣ್ಣೆ ಹಚ್ಚುವಂತೆ ನೆಲಕ್ಕೂ ಹಚ್ಚಬೇಡಿ, ಮೇಣ ಹೋಗಿ ಎಣ್ಣೆ ಕಲೆ ನಿಲ್ಲುತ್ತದೆ. ಐಸ್ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೇಲಿಡಿ. ಮೇಣ ಗಡುಸಾದ ಮೇಲೆ ಪಟ್ಟಿಯಿಂದ ಎಬ್ಬಿಸಿ. ಉಳಿದ ಅಂಟಿನ ಮೇಲೆ ಒಣ ಮರಳು ಹಾಕಿ ತಿಕ್ಕಿ, ಗುಡಿಸಿ, ಸೋಪಿನಲ್ಲಿ ತೊಳೆಯಿರಿ.

ಅರಿಶಿನ. ಮದುವೆ, ಗೃಹಪ್ರವೇಶ ಆದ ಮನೆಯ ಹೊಸಿಲ ಮುಂದೆ ಇದು ಸಾಮಾನ್ಯ. ಸೋಪು ಹಾಕಿದ ಕೂಡಲೇ ಕೆಂಪಾಗುತ್ತದೆ. ಗಾಬರಿ ಬೇಡ, ಕ್ಷಾರಕ್ಕೆ ಅರಿಶಿನ ಕೆಂಪಾಗುವುದು ಅದರ ಗುಣ, ಕುಂಕುಮ ಮಾಡುವುದೂ ಹಾಗೆಯೇ. ಅರಿಶಿನಕ್ಕೆ ಬಿಸಿಲು ತಡೆಯುವುದಿಲ್ಲ. ಬಿಸಿಲು ಬೀಳುವ ಜಾಗವಾದರೆ ಸುಮ್ನೆ ಕೆಲವು ದಿನ ಬಿಡಿ. ನೆರಳಿನಲ್ಲಿದ್ದರೆ ಒಂದು ಸುತ್ತು ಬ್ಲೀಚ್.

ಪಾಚಿ, ಹಾವಸೆ. ಲೀಟರಿಗೆ 30 ಗ್ರಾಂ ಬ್ಲೀಚಿಂಗ್ ಪೌಡರಿನ ತಿಳಿ ಸಾಕು. ಮಳೆ ಇಲ್ಲದ ದಿನ ಹಾಕಿ, 15 ನಿಮಿಷ ಬಿಟ್ಟು ಉಜ್ಜಿ. ಹಾಕುವಾಗ ನೆಲ ಇನ್ನಷ್ಟು ಜಾರುತ್ತದೆ, ಇಳಿಜಾರಿನಲ್ಲಿ ಮೇಲ್ಗಡೆ ನಿಂತು ಕೆಳಕ್ಕೆ ಉಜ್ಜುತ್ತಾ ಬರಬೇಡಿ. ಕೆಳಗಿನಿಂದ ಶುರು ಮಾಡಿದರೆ ನಿಮ್ಮ ಕಾಲಡಿ ಯಾವಾಗಲೂ ಉಜ್ಜಿದ ನೆಲವೇ ಇರುತ್ತದೆ. ಟ್ಯಾಂಕ್ ತುಂಬಿ ಹರಿಯುವ ನೀರು ಅಲ್ಲೇ ಬೀಳುತ್ತಿದ್ದರೆ ಮೊದಲು ಅದನ್ನು ತಿರುಗಿಸಿ, ಇಲ್ಲದಿದ್ದರೆ ಮುಂದಿನ ತಿಂಗಳು ಇದೇ ಕೆಲಸ.

ಕಲ್ಲುಹೂವು. ಇದನ್ನು ಕೆರೆಯಬೇಡಿ. ಪಾಚಿಗೆ ಹೇಳಿದ್ದನ್ನೇ ಎರಡು ಸಲ, ವಾರದ ಅಂತರದಲ್ಲಿ ಹಾಕಿ. ಸತ್ತ ಚಕ್ಕೆ ಕೆಲವು ವಾರಗಳಲ್ಲಿ ಸಡಿಲವಾಗಿ ತಾನೇ ಉದುರುತ್ತದೆ.

## ಕೂಡಲೇ ನಿಲ್ಲಿಸಬೇಕಾದ ಲಕ್ಷಣಗಳು

ಮೂಗಿಗೆ ಚುಚ್ಚುವ ಘಾಟು ಇದ್ದಕ್ಕಿದ್ದಂತೆ ಜಾಸ್ತಿಯಾಗಿ, ಕಣ್ಣುರಿ, ಕೆಮ್ಮು ಬಂದರೆ ಬ್ರಷ್ ಅಲ್ಲೇ ಬಿಟ್ಟು ಗಾಳಿ ಬರುವ ದಿಕ್ಕಿಗೆ ದೂರ ಹೋಗಿ. ಬ್ಲೀಚಿಗೆ ಆಸಿಡ್ ಸೇರಿದೆ. ಕೆಮ್ಮು, ಎದೆ ಬಿಗಿತ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ಈ ಅನಿಲದ ತೊಂದರೆ ಕೆಲವು ಗಂಟೆ ಬಿಟ್ಟೂ ಹೆಚ್ಚಾಗಬಹುದು. ಕಣ್ಣಿಗೆ ಯಾವುದೇ ದ್ರಾವಣ ಸಿಡಿದರೆ 15 ನಿಮಿಷ ಹರಿಯುವ ನೀರಲ್ಲಿ ತೊಳೆದು, ಡಾಕ್ಟರಿಗೆ ತೋರಿಸಿ.

ತೊಳೆದ ನೀರಿನಲ್ಲಿ ಮರಳು ಬರುತ್ತಿದ್ದರೆ, ಬೆರಳಾಡಿಸಿದಾಗ ನೆಲ ಉಪ್ಪುಕಾಗದದಂತೆ ಒರಟಾಗಿದ್ದರೆ, ಸಣ್ಣ ಜಲ್ಲಿ ಕಾಣಲು ಶುರುವಾದರೆ ಸಿಮೆಂಟು ಸವೆಯುತ್ತಿದೆ. ಅಲ್ಲಿಗೆ ಸಾಕು. ಉಳಿದ ಕಲೆ ನೆಲಕ್ಕಿಂತ ದೊಡ್ಡದಲ್ಲ.

ಲೇಪ ಮೂರು ಸಲ ಹಾಕಿದರೂ ಒಂದೇ ಥರ ಇದ್ದರೆ ಮತ್ತೆ ಎರಡು ಹನಿ ಪರೀಕ್ಷೆಗೆ ಹೋಗಿ. ಮೊದಲ ಸಲದ ತೀರ್ಮಾನ ತಪ್ಪಿರಬಹುದು, ಅಥವಾ ಮೇಲಿನ ಕಲೆ ಹೋಗಿ ಕೆಳಗಿನ ಕಬ್ಬಿಣದ್ದು ಕಾಣುತ್ತಿರಬಹುದು.

## ಹಂತ 9: ಮತ್ತೆ ಹಿಡಿಯದಂತೆ

ನೆಲ ಎರಡು ದಿನ ಬಿಸಿಲಲ್ಲಿ ಒಣಗಿದ ಮೇಲೆ ನೀರಿನ ಹನಿ ಬಿಟ್ಟು ನೋಡಿ. ತಕ್ಷಣ ಇಂಗಿದರೆ ರಂಧ್ರ ತೆರೆದಿದೆ, ಸೀಲರ್ ಹಾಕಬಹುದು. ಅಂಗಡಿಯಲ್ಲಿ ಸಿಲೇನ್ ಸಿಲೋಕ್ಸೇನ್ ಎಂದು ಬರೆದಿರುವ, ಒಳಗೆ ಇಂಗುವ ಜಾತಿಯದನ್ನು ಕೇಳಿ. ಮೇಲೆ ಹೊಳಪಿನ ಪದರ ಕಟ್ಟುವಂಥದ್ದು ಮಳೆಯಲ್ಲಿ ಜಾರುತ್ತದೆ, ವಯಸ್ಸಾದವರಿರುವ ಮನೆಗೆ ಬೇಡವೇ ಬೇಡ. ಸೀಲರ್ ಹಾಕಿದರೂ ಕಲೆ ಬೀಳುವುದು ನಿಲ್ಲುವುದಿಲ್ಲ. ಇಂಗುವುದು ನಿಧಾನವಾಗುತ್ತದೆ, ಗುಡಿಸಲು ಸಮಯ ಸಿಗುತ್ತದೆ.

ನೇರಳೆ ಹಣ್ಣಾಗುವ ವಾರಗಳಲ್ಲಿ ಮರದಡಿ ಹಳೇ ಟಾರ್ಪಾಲ್ ಹಾಸಿ, ಸಂಜೆ ಮಡಚಿ ಕೊಡವಿ. ಬಾದಾಮಿ ಎಲೆ ಕೆಂಪಾಗಿ ಉದುರುವಾಗ ಮಳೆ ಬರುವ ಮುಂಚೆ ಗುಡಿಸಿ, ಒಣ ಎಲೆ ಕಲೆ ಮಾಡುವುದಿಲ್ಲ, ನೆನೆದ ಎಲೆ ಮಾಡುತ್ತದೆ. ಹೂಕುಂಡದ ಕಬ್ಬಿಣದ ಸ್ಟ್ಯಾಂಡಿನ ಕಾಲಿಗೆ ರಬ್ಬರ್ ಬುಷ್ ಹಾಕಿ.

ಉಳಿದ ಬ್ಲೀಚ್ ದ್ರಾವಣವನ್ನು ಇಟ್ಟುಕೊಳ್ಳಬೇಡಿ, ಇಟ್ಟಷ್ಟೂ ಅದರ ಶಕ್ತಿ ಕುಂದುತ್ತದೆ. ತುಂಬಾ ನೀರು ಬೆರೆಸಿ ಚರಂಡಿಗೆ ಬಿಡಿ. ಆಕ್ಸಾಲಿಕ್ ಉಳಿದಿದ್ದರೆ ಅದನ್ನು ಅದೇ ದಿನ, ಅದೇ ಚರಂಡಿಗೆ ಸುರಿಯಬೇಡಿ.